ವಿಯೆಟ್ನಾಂ ಪ್ರವಾಸ: ಉದ್ದದ ದೇಶವೊಂದನ್ನು ಸುತ್ತಲು ಹಂತಹಂತದ ಮಾರ್ಗದರ್ಶಿ

ವಿಯೆಟ್ನಾಂ ಪ್ರವಾಸದ ಯೋಜನೆಗೆ ಕೂರುವ ಮೊದಲು ಆ ದೇಶದ ನಕ್ಷೆಯನ್ನು ಎದುರಿಗಿಟ್ಟುಕೊಳ್ಳಬೇಕು. ಉತ್ತರದ ಚೀನಾ ಗಡಿಯಿಂದ ದಕ್ಷಿಣದ ತುದಿಯವರೆಗೆ ಅದು ಸುಮಾರು 1,650 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿದೆ. ನಡುವೆ ಹಿಂದಿನ ಕ್ವಾಂಗ್ ಬಿನ್ ಪ್ರಾಂತದ ಬಳಿ ಅದರ ಅಗಲ ಬರೀ 50 ಕಿಲೋಮೀಟರ್ ಆಸುಪಾಸು. ದೇಶದ ಉದ್ದವಂತೂ ನಮ್ಮ ಬೀದರಿನಿಂದ ಚಾಮರಾಜನಗರದವರೆಗಿನ ಉದ್ದದ ಎರಡು ಪಟ್ಟಿಗಿಂತ ಹೆಚ್ಚು. ಎಲ್ಲಿ ಯಾವಾಗ ಮಳೆ ಬರುತ್ತದೆ, ಯಾವ ಊರಿನಿಂದ ಯಾವ ಊರಿಗೆ ಹೇಗೆ ಹೋಗಬೇಕು, ಎಷ್ಟು ದಿನ ಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಈ ಉದ್ದದಲ್ಲೇ ಇದೆ. ನಮ್ಮ ಮನೆಯವರ ಮೊದಲ ಪ್ರವಾಸದಲ್ಲಿ ಏಳು ದಿನಗಳೊಳಗೆ ಹನೋಯ್, ಹಾಲಾಂಗ್, ಹೊಯ್ ಆನ್, ಸೈಗಾನ್ (ಹೋ ಚಿ ಮಿನ್ ನಗರದ ಹಳೆಯ ಹೆಸರು) ಎಲ್ಲವನ್ನೂ ನೋಡಿಬಿಡಬೇಕೆಂದು ಹೊರಟು, ಮೂರು ದಿನಗಳನ್ನು ಹೆಚ್ಚುಕಡಿಮೆ ವಿಮಾನ ನಿಲ್ದಾಣಗಳಲ್ಲೇ ಕಳೆದೆವು. ಎರಡನೆಯ ಸಲ ಮಧ್ಯಭಾಗ ಮತ್ತು ಉತ್ತರಕ್ಕೆ ಮಾತ್ರ ಹತ್ತು ದಿನ ಕೊಟ್ಟಾಗ ದೇಶ ಕಣ್ಣಿಗೆ ಬಿತ್ತು. ಈ ಲೇಖನವನ್ನು ಆ ಎರಡನೆಯ ಪ್ರವಾಸದ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ತಿಂಗಳನ್ನು ಆರಿಸಿಕೊಳ್ಳುವುದು

ಇಡೀ ವಿಯೆಟ್ನಾಮಿಗೆ ಒಂದೇ ಮಳೆಗಾಲವಿಲ್ಲ. ದಕ್ಷಿಣದ ಹೋ ಚಿ ಮಿನ್ ನಗರ ಮತ್ತು ಮೆಕಾಂಗ್ ನದಿಯ ಮುಖಜಭೂಮಿಯಲ್ಲಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಣಹವೆ, ಮೇ ತಿಂಗಳಿನಿಂದ ನವೆಂಬರ್‌ವರೆಗೆ ಮಳೆ. ಉತ್ತರದ ಹನೋಯ್‌ನಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಸ್ವೆಟರ್ ಬೇಕಾಗುವಷ್ಟು ಚಳಿಯಿರುತ್ತದೆ. ಸಾಪಾದಂಥ ಬೆಟ್ಟದ ಊರುಗಳಲ್ಲಿ ಅದು ಇನ್ನೂ ಹೆಚ್ಚು. ಮಧ್ಯಭಾಗದ ಹ್ವೆ, ಡಾ ನಾಂಗ್, ಹೊಯ್ ಆನ್ ಊರುಗಳಲ್ಲಿ ಮಾತ್ರ ಮಳೆ ಸೆಪ್ಟೆಂಬರಿನಲ್ಲಿ ಆರಂಭವಾಗಿ ಅಕ್ಟೋಬರ್, ನವೆಂಬರ್‌ಗಳಲ್ಲಿ ಜೋರಾಗುತ್ತದೆ. ಹೊಯ್ ಆನ್ ಪಟ್ಟಣದ ನದಿ ಉಕ್ಕಿ ಹಳೆಯ ಬೀದಿಗಳಲ್ಲಿ ದೋಣಿ ಓಡಾಡುವುದು ಈ ಕಾಲದಲ್ಲೇ.

ಇದು ಕರ್ನಾಟಕದ ಕುಟುಂಬಗಳಿಗೆ ಮುಖ್ಯವಾದ ವಿಷಯ. ಮಕ್ಕಳಿಗೆ ದಸರಾ ರಜೆ ಸಿಗುತ್ತದೆಂದು ಅಕ್ಟೋಬರಿನಲ್ಲಿ ಡಾ ನಾಂಗ್‌ಗೆ ಟಿಕೆಟ್ ಮಾಡಿಸಿಬಿಟ್ಟರೆ ಸಮುದ್ರತೀರದ ಕೋಣೆಯ ಕಿಟಕಿಯಿಂದ ಮಳೆ ನೋಡುತ್ತ ಕೂರಬೇಕಾದೀತು. ದಸರೆಯಲ್ಲೇ ಹೋಗಬೇಕಾದರೆ ಹನೋಯ್ ಮತ್ತು ಅದರ ಸುತ್ತಮುತ್ತಲನ್ನು ಆರಿಸಿಕೊಳ್ಳಿ. ಅಕ್ಟೋಬರ್ ಎಂದರೆ ಅಲ್ಲಿ ಹಿತವಾದ ಹವೆ. ಕ್ರಿಸ್ಮಸ್ ರಜೆಗೆ ದಕ್ಷಿಣ ಒಳ್ಳೆಯದು. ಬೇಸಿಗೆ ರಜೆಗೆ ಮಧ್ಯಭಾಗ ಸೂಕ್ತವಾದರೂ ಬಿಸಿಲನ್ನು ತಡೆದುಕೊಳ್ಳಬೇಕು. ತುದಿಯಿಂದ ತುದಿಗೆ ಹೋಗುವ ಆಸೆಯಿದ್ದವರಿಗೆ ಮಾರ್ಚ್ ತಿಂಗಳೇ ಸರಿ.

ಇನ್ನೊಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಚಾಂದ್ರಮಾನ ಹೊಸವರ್ಷವಾದ ತೆತ್ ಅಲ್ಲಿನವರಿಗೆ ನಮ್ಮ ಯುಗಾದಿ, ದೀಪಾವಳಿ ಎರಡೂ ಸೇರಿದಷ್ಟು ದೊಡ್ಡ ಹಬ್ಬ. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುವ ಇದು 2027ರಲ್ಲಿ ಫೆಬ್ರವರಿ 6ಕ್ಕೆ ಬೀಳುತ್ತದೆ. ಹಬ್ಬದ ಒಂದು ವಾರದ ಆಚೀಚೆ ರೈಲು, ಬಸ್ಸುಗಳೆಲ್ಲ ಊರಿಗೆ ಹೋಗುವವರಿಂದ ತುಂಬಿರುತ್ತವೆ, ಮನೆತನದವರು ನಡೆಸುವ ಸಣ್ಣ ಊಟದ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಏಪ್ರಿಲ್ 30 ಮತ್ತು ಮೇ 1ರ ರಜೆಗಳಲ್ಲೂ ನೂಕುನುಗ್ಗಲು ಇರುತ್ತದೆ.

ಎರಡನೆಯ ಹೆಜ್ಜೆ: ಎಷ್ಟು ದಿನ, ಯಾವ ಭಾಗ

ಒಂದು ವಾರವಿದ್ದರೆ ಒಂದು ಭಾಗ, ಹತ್ತು ಹನ್ನೆರಡು ದಿನವಿದ್ದರೆ ಎರಡು ಭಾಗ, ಮೂರೂ ಭಾಗ ಬೇಕೆಂದರೆ ಹದಿನೈದು ದಿನ. ಇದು ನನ್ನ ಲೆಕ್ಕ, ಇದರಲ್ಲಿ ರಿಯಾಯಿತಿ ಮಾಡಿಕೊಳ್ಳಬೇಡಿ ಎಂದೇ ಹೇಳುತ್ತೇನೆ. ಉತ್ತರ ಎಂದರೆ ಹನೋಯ್‌ನ ಹಳೆಯ ಪೇಟೆ, ಸುಣ್ಣಕಲ್ಲಿನ ಗುಡ್ಡಗಳ ನಡುವೆ ದೋಣಿಯಲ್ಲಿ ಹೋಗುವ ನಿನ್ ಬಿನ್, ಹಾಲಾಂಗ್ ಕೊಲ್ಲಿ ಹಾಗೂ ಸಾಪಾ. ಮಧ್ಯ ಎಂದರೆ ಹಳೆಯ ಅರಸರ ರಾಜಧಾನಿ ಹ್ವೆ, ಡಾ ನಾಂಗ್, ಹೊಯ್ ಆನ್ ಮತ್ತು ಮಿ ಸನ್ ದೇಗುಲಗಳು. ದಕ್ಷಿಣ ಎಂದರೆ ಹೋ ಚಿ ಮಿನ್ ನಗರ, ಮೆಕಾಂಗ್ ಹಾಗೂ ಫು ಕ್ವಾಕ್ ದ್ವೀಪ. ಹೋದ ಊರಿನಿಂದಲೇ ಮರಳುವ ಟಿಕೆಟ್ ಕೊಳ್ಳದೆ, ಹನೋಯ್‌ಗೆ ಹೋಗಿ ಡಾ ನಾಂಗ್ ಅಥವಾ ಹೋ ಚಿ ಮಿನ್ ನಗರದಿಂದ ಮರಳುವಂತೆ ಕೊಂಡರೆ ಒಂದು ಇಡೀ ದಿನ ಉಳಿಯುತ್ತದೆ. ಬೆಂಗಳೂರಿನಿಂದ ಬ್ಯಾಂಕಾಕ್, ಕ್ವಾಲಾಲಂಪುರ, ಸಿಂಗಾಪುರಗಳ ಮೂಲಕ ಹೋಗುವ ಸಂಪರ್ಕ ವರ್ಷವಿಡೀ ಸಿಗುತ್ತದೆ. ನೇರ ವಿಮಾನಗಳ ವೇಳಾಪಟ್ಟಿ ಬದಲಾಗುತ್ತಿರುವುದರಿಂದ ಟಿಕೆಟ್ ಕೊಳ್ಳುವ ದಿನವೇ ನೋಡಿಕೊಳ್ಳಬೇಕು.

ಮೂರನೆಯ ಹೆಜ್ಜೆ: ಇ-ವೀಸಾ, ಮತ್ತು ಹೆಸರಿನ ತೊಡಕು

ಭಾರತೀಯರಿಗೆ ವಿಯೆಟ್ನಾಂ ವೀಸಾ ಕಡ್ಡಾಯ, ಆದರೆ ಅದು ಮನೆಯಲ್ಲೇ ಕುಳಿತು ಪಡೆಯಬಹುದಾದ ಇ-ವೀಸಾ. 2023ರ ಆಗಸ್ಟ್ 15ರಿಂದ ಇದರ ಅವಧಿ 90 ದಿನಗಳವರೆಗೆ ವಿಸ್ತರಣೆಯಾಗಿದೆ. ಒಂದು ಸಲ ಪ್ರವೇಶಿಸುವ ವೀಸಾಕ್ಕೆ 25 ಡಾಲರ್, ಹಲವು ಸಲ ಪ್ರವೇಶಿಸುವ ವೀಸಾಕ್ಕೆ 50 ಡಾಲರ್. ಈ ಹಣ ಮರಳಿ ಬರುವುದಿಲ್ಲ. ನಡುವೆ ಅಂಗ್ಕೋರ್ ನೋಡಲು ಕಾಂಬೋಡಿಯಾಕ್ಕೆ ಹೋಗಿ ಮತ್ತೆ ವಿಯೆಟ್ನಾಮಿಗೆ ಬರುವವರು ಎರಡನೆಯದನ್ನೇ ತೆಗೆದುಕೊಳ್ಳಬೇಕು. ವಿದೇಶದಿಂದ ನೇರವಾಗಿ ಫು ಕ್ವಾಕ್ ದ್ವೀಪಕ್ಕೆ ಇಳಿದು, 30 ದಿನಗಳೊಳಗೆ ಅಲ್ಲಿಂದಲೇ ಮರಳುವವರಿಗೆ ಮಾತ್ರ ವೀಸಾ ಬೇಕಿಲ್ಲ.

ಅರ್ಜಿ ಸಲ್ಲಿಸಬೇಕಾದ ಸರ್ಕಾರಿ ಜಾಲತಾಣದ ವಿಳಾಸ ‘ಗವ್ ಡಾಟ್ ವಿಎನ್’ ಎಂದು ಕೊನೆಯಾಗುತ್ತದೆ. ಅದೇ ಹೆಸರನ್ನು ಹೋಲುವ, ಎರಡು ಮೂರು ಪಟ್ಟು ಹಣ ಕೀಳುವ ಖಾಸಗಿ ತಾಣಗಳು ಹುಡುಕಾಟದಲ್ಲಿ ಮೇಲೆ ಬರುವುದರಿಂದ ವಿಳಾಸದ ಬಾಲವನ್ನು ನೋಡಿಯೇ ಮುಂದುವರಿಯಬೇಕು. ಕನ್ನಡಕ ತೆಗೆದು ತೆಗೆಸಿದ ಭಾವಚಿತ್ರ, ಕೆಳಗಿನ ಎರಡು ಸಾಲು ಸಂಕೇತಾಕ್ಷರಗಳು ಸ್ಪಷ್ಟವಾಗಿ ಕಾಣುವ ಪಾಸ್‌ಪೋರ್ಟ್ ಪುಟದ ಚಿತ್ರ, ಮೊದಲ ರಾತ್ರಿ ಉಳಿಯುವ ಹೋಟೆಲಿನ ವಿಳಾಸ, ಇಳಿಯುವ ವಿಮಾನ ನಿಲ್ದಾಣದ ಹೆಸರು ಇವಿಷ್ಟು ಸಿದ್ಧವಿರಲಿ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಆಯುಷ್ಯ ಉಳಿದಿರಬೇಕು. ಮೂರು ಕೆಲಸದ ದಿನಗಳಲ್ಲಿ ವೀಸಾ ಬರುತ್ತದೆಂಬ ಸೂಚನೆ ಇದ್ದರೂ, ಅಲ್ಲಿನ ರಜಾದಿನಗಳು ಅಡ್ಡ ಬರುವ ಸಂಭವವಿರುವುದರಿಂದ ಮೂರು ವಾರ ಮೊದಲೇ ಅರ್ಜಿ ಹಾಕುವುದು ಜಾಣತನ.

ನಮ್ಮವರು ಹೆಚ್ಚು ಎಡವುವುದು ಹೆಸರಿನಲ್ಲಿ. ಊರಿನ ಹೆಸರು, ತಂದೆಯ ಹೆಸರುಗಳನ್ನು ಇನಿಷಿಯಲ್ ಆಗಿ ಇಟ್ಟುಕೊಳ್ಳುವ ರೂಢಿ ನಮ್ಮದು. ಎಷ್ಟೋ ಹಿರಿಯರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗವೇ ಖಾಲಿಯಿರುತ್ತದೆ. ನನ್ನ ತಾಯಿಯವರ ಅರ್ಜಿ ತುಂಬುವಾಗ, ಬ್ಯಾಂಕ್ ಪುಸ್ತಕದಲ್ಲಿರುವಂತೆ ಅಜ್ಜನ ಹೆಸರನ್ನು ಉಪನಾಮವೆಂದು ಹಾಕಿಬಿಟ್ಟಿದ್ದೆ. ವೀಸಾ ಕೈಗೆ ಬಂದ ಮೇಲೆ ಪಾಸ್‌ಪೋರ್ಟಿನ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಹೋಲಿಸಿದಾಗ ತಪ್ಪು ಕಂಡಿತು. ಮತ್ತೆ 25 ಡಾಲರ್ ಕಟ್ಟಿ ಹೊಸ ಅರ್ಜಿ ಹಾಕಿದೆವು. ಹೊರಡುವ ದಿನ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಅದು ಗೊತ್ತಾಗಿದ್ದರೆ ತಾಯಿಯವರನ್ನು ವಿಮಾನ ಹತ್ತಿಸುತ್ತಲೇ ಇರಲಿಲ್ಲ. ಆದ್ದರಿಂದ ಆಧಾರ್, ಬ್ಯಾಂಕ್ ಪುಸ್ತಕ ಯಾವುದನ್ನೂ ನೋಡದೆ ಪಾಸ್‌ಪೋರ್ಟಿನಲ್ಲಿ ಏನು ಅಚ್ಚಾಗಿದೆಯೋ ಅದನ್ನಷ್ಟೇ, ಅದೇ ಕ್ರಮದಲ್ಲಿ ತುಂಬಬೇಕು. ಇನಿಷಿಯಲ್ಲನ್ನು ಬಿಡಿಸಿ ಬರೆಯಬಾರದು. ವೀಸಾ ಬಂದೊಡನೆ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ, ಅವಧಿಯ ಮೊದಲ ಮತ್ತು ಕೊನೆಯ ದಿನ ಇಷ್ಟನ್ನೂ ಇಬ್ಬರು ಕುಳಿತು ಓದಿ, ಎರಡು ಪ್ರತಿ ಮುದ್ರಿಸಿಟ್ಟುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಹಣ

ಅಲ್ಲಿನ ನಾಣ್ಯ ಡಾಂಗ್. ಒಂದು ಲಕ್ಷ ಡಾಂಗ್ ಎಂದರೆ ನಮ್ಮ ಸುಮಾರು 330ರಿಂದ 350 ರೂಪಾಯಿ. ಬೆಲೆಯ ಕೊನೆಯ ಮೂರು ಸೊನ್ನೆಗಳನ್ನು ಬಿಟ್ಟು, ಉಳಿದದ್ದನ್ನು ಮೂರೂವರೆಯಿಂದ ಗುಣಿಸಿದರೆ ರೂಪಾಯಿಯ ಅಂದಾಜು ಸಿಗುತ್ತದೆ: 40,000 ಡಾಂಗಿನ ಕಾಫಿ ಎಂದರೆ 140 ರೂಪಾಯಿ. ಅಂಗಡಿಯವರೂ ಮಾತಿನಲ್ಲಿ ಸಾವಿರವನ್ನು ಬಿಟ್ಟು ‘ನಲವತ್ತು’ ಎಂದೇ ಹೇಳುತ್ತಾರೆ.

ನೋಟುಗಳ ವಿಷಯದಲ್ಲಿ ಒಂದು ಮಾತನ್ನು ಚೆನ್ನಾಗಿ ನೆನಪಿಡಬೇಕು. 20,000 ಮತ್ತು 5,00,000ದ ನೋಟುಗಳೆರಡೂ ನೀಲಿ ಛಾಯೆಯ ಪ್ಲಾಸ್ಟಿಕ್ ನೋಟುಗಳು. ಎರಡರಲ್ಲೂ ಹೋ ಚಿ ಮಿನ್ ಅವರ ಮುಖ. ಸಂಜೆ ಬೆಳಕಿನಲ್ಲಿ ಎಳನೀರಿನವಳಿಗೆ ನಾನು 70 ರೂಪಾಯಿಯ ನೋಟೆಂದು ಭಾವಿಸಿ ಕೊಟ್ಟದ್ದು 1,700 ರೂಪಾಯಿಯದು. ಆಕೆ ನೋಟನ್ನು ಬೆಳಕಿಗೆ ಹಿಡಿದು, ತಲೆಯಾಡಿಸಿ, ನನ್ನ ಕೈಗೇ ಮರಳಿಸಿ, ಪರ್ಸಿನೊಳಗಿನ ಸರಿಯಾದ ನೋಟನ್ನು ಬೆರಳಿನಿಂದ ತೋರಿಸಿದಳು. ಎಲ್ಲರೂ ಆಕೆಯಷ್ಟು ದೊಡ್ಡ ಮನಸ್ಸಿನವರಾಗಿರಬೇಕೆಂದಿಲ್ಲ. ಐದು ಲಕ್ಷದ ನೋಟುಗಳನ್ನು ಪರ್ಸಿನ ಬೇರೆ ಅರೆಯಲ್ಲಿಡುವುದು ಅಂದಿನಿಂದ ನಮ್ಮ ಮನೆಯವರೆಲ್ಲರ ಅಭ್ಯಾಸವಾಗಿದೆ.

ಭಾರತದಿಂದ ಒಬ್ಬರು 3,000 ಡಾಲರ್‌ವರೆಗೆ ನಗದನ್ನು ಒಯ್ಯಬಹುದು, ಅಷ್ಟೊಂದು ಬೇಕಾಗುವುದಿಲ್ಲ. ಸ್ವಲ್ಪ ಡಾಲರ್ ನೋಟು, ಒಂದು ಫಾರೆಕ್ಸ್ ಕಾರ್ಡ್ ಸಾಕು. ಡಾಲರ್ ನೋಟುಗಳು ಮಡಿಕೆ, ಕಲೆ, ಬರಹ ಇಲ್ಲದೆ ಹೊಸದಾಗಿರಲಿ, ಬ್ಯಾಂಕಿನಲ್ಲಿ ಅಥವಾ ಪರವಾನಗಿಯುಳ್ಳ ವಿನಿಮಯ ಕೇಂದ್ರದಲ್ಲಿ ಬದಲಿಸಿಕೊಳ್ಳಿ. ಬೀದಿಯ ಅಂಗಡಿಗಳಲ್ಲೂ ಕ್ಯೂಆರ್ ಫಲಕ ನೇತಾಡುವುದನ್ನು ಕಂಡು ಯುಪಿಐ ನಡೆಯುತ್ತದೆಂದು ತಿಳಿಯಬೇಡಿ. ಅದು ಅಲ್ಲಿನ ಬ್ಯಾಂಕ್ ಖಾತೆಗಳ ವ್ಯವಸ್ಥೆ.

ಐದನೆಯ ಹೆಜ್ಜೆ: ಇಳಿದ ಮೇಲೆ

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದಿರುತ್ತದೆ. ವಿಮಾನ ನಿಲ್ದಾಣದಲ್ಲೇ ಪಾಸ್‌ಪೋರ್ಟ್ ತೋರಿಸಿ ವಿಯೆಟೆಲ್ ಅಥವಾ ವಿನಾಫೋನ್ ಸಿಮ್ ಹಾಕಿಸಿಕೊಂಡರೆ ಗ್ರ್ಯಾಬ್ ಆ್ಯಪ್ ಕೆಲಸ ಮಾಡುತ್ತದೆ. ಕಾರು, ಬೈಕು ಎರಡನ್ನೂ ಕರೆಸಬಹುದಾದ ಈ ಸೇವೆಯಲ್ಲಿ ಬೆಲೆ ಮೊದಲೇ ಕಾಣುವುದರಿಂದ ಚೌಕಾಸಿಯ ಪ್ರಶ್ನೆಯಿಲ್ಲ. ಹೊರಬಾಗಿಲಿನಲ್ಲಿ ಕೈ ಹಿಡಿದು ಕರೆಯುವ ಟ್ಯಾಕ್ಸಿಯವರನ್ನು ದಾಟಿ ಮುಂದೆ ಹೋಗಿ. ಹನೋಯ್‌ನ ನೊಯ್ ಬಾಯ್ ನಿಲ್ದಾಣದಿಂದ ಊರೊಳಗೆ ಹೋಗಲು ಕಿತ್ತಳೆ ಬಣ್ಣದ 86ನೇ ಸಂಖ್ಯೆಯ ಬಸ್ಸೂ ಇದೆ. ನಾವು ಹೋದಾಗ ಅದರ ದರ 45,000 ಡಾಂಗ್.

2025ರ ಜುಲೈ 1ರಿಂದ ಅಲ್ಲಿನ 63 ಪ್ರಾಂತ ಮತ್ತು ಮಹಾನಗರಗಳನ್ನು ಒಗ್ಗೂಡಿಸಿ 34 ಮಾಡಿದ್ದಾರೆ. ಹೊಯ್ ಆನ್ ಈಗ ಆಡಳಿತದ ಲೆಕ್ಕದಲ್ಲಿ ಡಾ ನಾಂಗ್ ನಗರದೊಳಗೆ ಸೇರಿದೆ, ನಗರಗಳೊಳಗಿನ ‘ಡಿಸ್ಟ್ರಿಕ್ಟ್’ಗಳೂ ರದ್ದಾಗಿವೆ. ಹೋಟೆಲಿನ ವಿಳಾಸ ಒಂದು ಕಡೆ ಹಳೆಯ ರೀತಿಯಲ್ಲಿ, ಇನ್ನೊಂದು ಕಡೆ ಹೊಸ ರೀತಿಯಲ್ಲಿ ಕಂಡರೆ ಗಾಬರಿಯಾಗಬೇಕಿಲ್ಲ. ಬೀದಿಯ ಹೆಸರು ಮತ್ತು ಮನೆ ಸಂಖ್ಯೆ ಸರಿಯಿದ್ದರೆ ಸಾಕು.

ಅಲ್ಲಿ ವಾಹನಗಳು ರಸ್ತೆಯ ಬಲಭಾಗದಲ್ಲಿ ಓಡುತ್ತವೆ. ಆದ್ದರಿಂದ ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಬೇಕು. ಹನೋಯ್‌ನ ಬೈಕುಗಳ ಪ್ರವಾಹದಲ್ಲಿ ಬಿಡುವು ಸಿಗಲೆಂದು ಕಾದರೆ ಸಂಜೆಯಾಗುತ್ತದೆ. ಒಂದೇ ವೇಗದಲ್ಲಿ, ನಿಧಾನವಾಗಿ, ನಿಲ್ಲದೆ ನಡೆದರೆ ಬೈಕಿನವರೇ ಅಂದಾಜು ಮಾಡಿ ಅಕ್ಕಪಕ್ಕದಿಂದ ಹಾದುಹೋಗುತ್ತಾರೆ. ನಡುವೆ ಹಿಂದಕ್ಕೆ ಹೆಜ್ಜೆಯಿಡುವುದೇ ಅಪಾಯ. ಬಸ್ಸು, ಕಾರುಗಳಿಗೆ ಮಾತ್ರ ಈ ಲೆಕ್ಕ ಅನ್ವಯಿಸುವುದಿಲ್ಲ, ಅವು ಹೋಗುವವರೆಗೂ ನಿಲ್ಲಬೇಕು.

ಬಾಡಿಗೆ ಸ್ಕೂಟರ್ ಓಡಿಸುವ ಆಸೆಯನ್ನು ಬಿಡುವಂತೆ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಮ್ಮ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ 1949ರ ರಸ್ತೆ ಸಂಚಾರ ಒಪ್ಪಂದದ್ದು. ವಿಯೆಟ್ನಾಂ ಮಾನ್ಯ ಮಾಡುವುದು 1968ರ ಒಪ್ಪಂದದ್ದನ್ನು. ಅಂಗಡಿಯವರು ಏನನ್ನೂ ಕೇಳದೆ ಗಾಡಿ ಕೊಡುತ್ತಾರೆ, ಆದರೆ ಅಪಘಾತವಾದರೆ ಪ್ರವಾಸ ವಿಮೆಯ ಹಣ ಸಿಗುವುದಿಲ್ಲ. ಚಾಲಕ ಸಮೇತ ಬೈಕು ಕರೆಸಿಕೊಂಡು ಹಿಂದೆ ಕೂರುವುದೇ ಕ್ಷೇಮ.

ಊರಿಂದೂರಿಗೆ: ರೈಲು ಮೊದಲು

ಹನೋಯ್‌ನಿಂದ ಸೈಗಾನ್‌ವರೆಗೆ 1,726 ಕಿಲೋಮೀಟರ್ ಉದ್ದದ ರೈಲುಮಾರ್ಗವಿದೆ. 1936ರಲ್ಲಿ ಪೂರ್ಣಗೊಂಡು, ದೇಶ ಎರಡಾದಾಗ ತುಂಡಾಗಿ, ಯುದ್ಧ ಮುಗಿದ ಮೇಲೆ 1976ರಲ್ಲಿ ಮತ್ತೆ ಜೋಡಣೆಯಾದ ಮಾರ್ಗ ಅದು. ಇಂದಿಗೂ ಮೀಟರ್‌ಗೇಜ್, ಒಂದು ಕಾಲದಲ್ಲಿ ನಮ್ಮ ಮೈಸೂರು-ಅರಸೀಕೆರೆ ಗಾಡಿಯಲ್ಲಿ ಓಡಾಡಿದ ಹಿರಿಯರಿಗೆ ಬೋಗಿಯ ಅಗಲ ಮತ್ತು ಓಲಾಟ ಒಡನೆಯೇ ಗುರುತು ಹತ್ತುತ್ತದೆ. ಪೂರ್ತಿ ಪಯಣಕ್ಕೆ ಮೂವತ್ತು ಗಂಟೆಗೂ ಹೆಚ್ಚು ಬೇಕಾಗುವುದರಿಂದ ಅದನ್ನು ತುಂಡುತುಂಡಾಗಿ ಬಳಸಬೇಕು. ಎಸ್‌ಇ1, ಎಸ್‌ಇ3ರಂಥ ಬೆಸಸಂಖ್ಯೆಯ ಗಾಡಿಗಳು ದಕ್ಷಿಣಕ್ಕೆ, ಸರಿಸಂಖ್ಯೆಯವು ಉತ್ತರಕ್ಕೆ. ಕುಟುಂಬಕ್ಕೆ ನಾಲ್ಕು ಬರ್ತಿನ ಹವಾನಿಯಂತ್ರಿತ ಕೋಣೆ ಅನುಕೂಲ. ಆರು ಬರ್ತಿನ ಕೋಣೆಯ ಮೇಲಿನ ಬರ್ತು ಹಿರಿಯರಿಗೆ ಆಗದು. ಹನೋಯ್‌ನಲ್ಲಿ ರಾತ್ರಿ ಹತ್ತಿ ಬೆಳಿಗ್ಗೆ ಹ್ವೆಯಲ್ಲಿ ಇಳಿಯಬಹುದು.

ಹ್ವೆಯಿಂದ ಡಾ ನಾಂಗ್‌ವರೆಗಿನ ಸುಮಾರು ನೂರು ಕಿಲೋಮೀಟರನ್ನು ಮಾತ್ರ ಹಗಲಿನಲ್ಲೇ, ರೈಲಿನಲ್ಲೇ ಮಾಡಬೇಕು. 2005ರಲ್ಲಿ ತೆರೆದ ಸುರಂಗದಿಂದಾಗಿ ಕಾರಿನಲ್ಲಿ ಬೇಗ ತಲುಪಬಹುದೆಂಬುದು ನಿಜ, ಆದರೆ ಸುರಂಗದಲ್ಲಿ ಕಾಣುವುದು ಬರೀ ದೀಪಗಳು. ರೈಲು ಮೂರು ಗಂಟೆ ತೆಗೆದುಕೊಂಡು ಹಾಯ್ ವಾನ್ ಘಾಟಿಯ ಅಂಚಿನಲ್ಲೇ ತೆವಳುತ್ತದೆ. ದಕ್ಷಿಣಕ್ಕೆ ಹೋಗುವಾಗ ಎಡಗಡೆಯ ಕಿಟಕಿ ಹಿಡಿಯಿರಿ. ಮೊದಲು ಲಾಂಗ್ ಕೋ ಹಿನ್ನೀರು ಬರುತ್ತದೆ, ಅನಂತರ ಗಾಡಿ ಏರತೊಡಗಿ ಕಾಡು ಕಿಟಕಿಗೆ ಒತ್ತುತ್ತದೆ, ಒಂದು ತಿರುವಿನಲ್ಲಿ ನಮ್ಮದೇ ಗಾಡಿಯ ಎಂಜಿನ್ ಮುಂದೆ ಬಾಗಿರುವುದು ಕಾಣುತ್ತದೆ, ಅದರ ಕೆಳಗೆ ನೇರವಾಗಿ ಸಮುದ್ರ. ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಹಾದಿಯನ್ನು ಬಲ್ಲವರು ಅಲ್ಲಿನ ಕಣಿವೆಯ ಜಾಗದಲ್ಲಿ ಕಡಲನ್ನು ಇಟ್ಟು ಊಹಿಸಿಕೊಳ್ಳಬಹುದು. ಈ ತುಂಡಿಗೆಂದೇ 2024ರ ಮಾರ್ಚಿನಲ್ಲಿ ಆರಂಭವಾದ ಪ್ರವಾಸಿ ರೈಲೊಂದು ಲಾಂಗ್ ಕೋದಲ್ಲಿ ಕೆಲ ನಿಮಿಷ ನಿಲ್ಲುತ್ತದೆ.

ಮಲಗಿಕೊಂಡು ಹೋಗುವ ರಾತ್ರಿ ಬಸ್ಸುಗಳು ಅಗ್ಗ. ಚಪ್ಪಲಿಯನ್ನು ಚೀಲಕ್ಕೆ ಹಾಕಿ ಏರಬೇಕಾದ ಆ ಬಸ್ಸಿನ ಬರ್ತುಗಳು ಎತ್ತರದವರಿಗೆ ಗಿಡ್ಡ, ಮಂಡಿನೋವಿನವರಿಗೆ ಶಿಕ್ಷೆ. ಹನೋಯ್‌ನಿಂದ ಡಾ ನಾಂಗ್ ದಾಟಿ ದಕ್ಷಿಣಕ್ಕೆ ಹೋಗುವವರು ವಿಮಾನವನ್ನೇ ಹಿಡಿಯಲಿ, ಹನೋಯ್‌ನಿಂದ ಸೈಗಾನಿಗೆ ಎರಡು ಗಂಟೆ ಚಿಲ್ಲರೆ.

ಮಿ ಸನ್‌ಗೆ ಒಂದು ಬೆಳಗು

ಹೊಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಕಣಿವೆಯಲ್ಲಿರುವ ಮಿ ಸನ್ ದೇಗುಲಗಳನ್ನು ನಮ್ಮವರು ಎಷ್ಟೋ ಜನ ಪಟ್ಟಿಯಿಂದ ಬಿಟ್ಟುಬಿಡುತ್ತಾರೆ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ. ನಾಲ್ಕನೆಯ ಶತಮಾನದಲ್ಲಿ ಚಾಮ್ ಜನರ ಚಂಪಾ ರಾಜ್ಯದ ಅರಸ ಭದ್ರವರ್ಮ ಇಲ್ಲಿ ಭದ್ರೇಶ್ವರನೆಂಬ ಲಿಂಗವನ್ನು ಪ್ರತಿಷ್ಠಾಪಿಸಿದ. ಅಲ್ಲಿಂದ ಹದಿಮೂರನೆಯ ಶತಮಾನದವರೆಗೆ ಇಟ್ಟಿಗೆಯ ಗುಡಿಗಳು ಏಳುತ್ತಲೇ ಇದ್ದವು, ಸಂಸ್ಕೃತದಲ್ಲಿ ಶಾಸನಗಳನ್ನು ಬರೆಸಿದರು. 1999ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಿಂದಿನ ದಿನ ಡಾ ನಾಂಗ್‌ನ ಚಾಮ್ ಶಿಲ್ಪ ವಸ್ತುಸಂಗ್ರಹಾಲಯವನ್ನು ನೋಡಿರಬೇಕು, ಏಕೆಂದರೆ ಮಿ ಸನ್‌ನ ಒಳ್ಳೆಯ ಶಿಲ್ಪಗಳಲ್ಲಿ ಬಹಳಷ್ಟು ಅಲ್ಲಿವೆ. ಶೇಷಶಾಯಿ ವಿಷ್ಣುವಿನ ನಾಭಿಯಿಂದ ಕಮಲ, ಕಮಲದಲ್ಲಿ ಬ್ರಹ್ಮ ಇರುವ ಏಳನೆಯ ಶತಮಾನದ ಕಲ್ಲಿನ ಮುಂದೆ ಯಾರೂ ವಿವರಣೆ ಕೊಡಬೇಕಾಗಿಲ್ಲ. ಮರುದಿನ ಮುಂಜಾನೆ ಐದಕ್ಕೆ ಹೊಯ್ ಆನ್ ಬಿಟ್ಟು, ಬಾಗಿಲು ತೆರೆಯುತ್ತಿದ್ದಂತೆ ಒಳಗೆ ಹೋಗಿ. ಒಂಬತ್ತರ ಹೊತ್ತಿಗೆ ಪ್ರವಾಸಿ ಬಸ್ಸುಗಳೂ ಬಿಸಿಲೂ ಒಟ್ಟಿಗೆ ಬರುತ್ತವೆ. ಗೋಡೆಯ ಹತ್ತಿರ ನಿಂತು ಇಟ್ಟಿಗೆಗಳ ಸಂದನ್ನು ನೋಡಿ. ನಡುವೆ ಗಾರೆ ಕಣ್ಣಿಗೆ ಬೀಳುವುದೇ ಇಲ್ಲ, ಉಗುರು ತೂರಿಸಲೂ ಜಾಗವಿಲ್ಲ; ಇಟ್ಟಿಗೆ ಕಟ್ಟಿದ ಮೇಲೆ ಅದರಲ್ಲೇ ಹೂಬಳ್ಳಿ, ಕೈಮುಗಿದ ಮೂರ್ತಿಗಳನ್ನು ಕೆತ್ತಿದ್ದಾರೆ. ಅಲ್ಲೇ ಕೆಲವು ಮಾರು ದೂರದಲ್ಲಿ ಹುಲ್ಲು ಬೆಳೆದ ಗುಂಡಿಗಳಿವೆ, 1969ರ ಅಮೆರಿಕದ ಬಾಂಬ್ ದಾಳಿಯವು. ಎಲ್ಲಕ್ಕಿಂತ ಎತ್ತರದ ಗೋಪುರವೇ ಆ ದಾಳಿಯಲ್ಲಿ ನೆಲಕ್ಕೆ ಬಿತ್ತು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ತಂಡ ಇಲ್ಲಿನ ಎ, ಎಚ್, ಕೆ ಗುಂಪಿನ ಗುಡಿಗಳ ಜೀರ್ಣೋದ್ಧಾರ ಮಾಡಿದೆ. 2020ರಲ್ಲಿ ಆ ಕೆಲಸದ ನಡುವೆಯೇ ಒಂಬತ್ತನೆಯ ಶತಮಾನದ ಏಕಶಿಲೆಯ ಶಿವಲಿಂಗವೊಂದು ಮಣ್ಣಿನಿಂದ ಹೊರಬಂತು.

ಸಸ್ಯಾಹಾರಿಗಳ ಊಟ

ವಿಯೆಟ್ನಾಮಿನಲ್ಲಿ ಸಸ್ಯಾಹಾರ ಸಿಗುವುದಿಲ್ಲ ಎಂಬ ಮಾತು ತಪ್ಪು. ಅಲ್ಲಿನ ಬೌದ್ಧರಲ್ಲಿ ಅನೇಕರು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಸಸ್ಯಾಹಾರ ಮಾಡುತ್ತಾರೆ, ಅದಕ್ಕೆ ‘ಚಾಯ್’ ಎಂದು ಹೆಸರು. ‘ಕೋಮ್ ಚಾಯ್’ ಎಂಬ ಫಲಕವಿರುವ ಅಂಗಡಿಗಳು ಪ್ರತಿ ಊರಿನಲ್ಲೂ, ಅದರಲ್ಲೂ ಬೌದ್ಧ ವಿಹಾರಗಳ ಪಕ್ಕದಲ್ಲಿ ಇರುತ್ತವೆ. ‘ತೋಯ್ ಅನ್ ಚಾಯ್’ ಎಂದರೆ ‘ನಾನು ಸಸ್ಯಾಹಾರಿ’. ತೊಂದರೆ ಬರುವುದು ಸಾಮಾನ್ಯ ಹೋಟೆಲುಗಳಲ್ಲಿ. ತಟ್ಟೆಯಲ್ಲಿ ಬರೀ ಸೊಪ್ಪು, ಅನ್ನ ಕಂಡರೂ ಅದಕ್ಕೆ ‘ನುವೊಕ್ ಮಾಮ್’ ಎಂಬ ಮೀನಿನ ರಸ ಬಿದ್ದಿರುತ್ತದೆ, ನೂಡಲ್ಸಿನ ತಿಳಿಸಾರು ಮೂಳೆಯದಾಗಿರುತ್ತದೆ. ಉಚ್ಚಾರಣೆಯ ಏರಿಳಿತ ತಪ್ಪಿದರೆ ಅರ್ಥವೇ ಬದಲಾಗುವ ಭಾಷೆಯಾದ್ದರಿಂದ, ಮಾಂಸ, ಮೀನು, ಮೀನಿನ ರಸ, ಮೂಳೆಯ ಸಾರು ಬೇಡವೆಂಬುದನ್ನು ವಿಯೆಟ್ನಾಮಿ ಲಿಪಿಯಲ್ಲಿ ಹೋಟೆಲಿನವರಿಂದ ಬರೆಸಿ ಫೋನಿನಲ್ಲಿಟ್ಟುಕೊಂಡು ತೋರಿಸುವುದು ಒಳ್ಳೆಯದು. ಮೊಟ್ಟೆ ತಿನ್ನದವರು ಅದನ್ನು ಬೇರೆಯಾಗಿ ಹೇಳಬೇಕು.

ಚಾಯ್ ಅಂಗಡಿಗಳಲ್ಲಿ ಮಾಂಸದ ತುಂಡಿನಂತೆಯೇ ಕಾಣುವ ಸೋಯಾ ಪದಾರ್ಥಗಳಿರುತ್ತವೆ. ನನ್ನ ತಾಯಿಯವರು ಮೊದಲ ದಿನ ಅದನ್ನು ಕಂಡು ತಟ್ಟೆಯನ್ನೇ ಸರಿಸಿದ್ದರು. ಜೊತೆಯಲ್ಲಿ ಹಿರಿಯರಿದ್ದರೆ ಈ ವಿಷಯ ಮೊದಲೇ ತಿಳಿಸಿ, ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ ಇಟ್ಟುಕೊಳ್ಳಿ.

ಕಾಫಿಯ ಬಗ್ಗೆ ಕೊಡಗು, ಚಿಕ್ಕಮಗಳೂರಿನವರಿಗೆ ಪ್ರತ್ಯೇಕವಾಗಿ ಹೇಳಬೇಕು. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವುದು ವಿಯೆಟ್ನಾಂ, ಅದೂ ಬಹುಪಾಲು ರೋಬಸ್ಟಾ. ‘ಫಿನ್’ ಎಂಬ ಪುಟ್ಟ ತಗಡಿನ ಫಿಲ್ಟರನ್ನು ಲೋಟದ ಮೇಲೇ ಇಟ್ಟು, ಹನಿಹನಿಯಾಗಿ ಇಳಿದ ಡಿಕಾಕ್ಷನ್ನಿಗೆ ಸಿಹಿಗಟ್ಟಿಹಾಲು ಬೆರೆಸುತ್ತಾರೆ. ಸಮಯವಿದ್ದ ತೋಟದವರು ಮಧ್ಯದ ಎತ್ತರಭೂಮಿಯ ಬುವಾನ್ ಮಾ ಥುವೋಟ್ ಊರಿಗೆ ಹೋಗಿ ಅಲ್ಲಿನ ಗಿಡ, ನೀರಾವರಿ, ಒಣಗಿಸುವ ಬಗೆ ನೋಡಿ ಬರಬಹುದು.

ಹೊರಡುವ ಮುನ್ನ ಬರೆದಿಟ್ಟುಕೊಳ್ಳಬೇಕಾದವು

ಪೊಲೀಸ್ 113, ಅಗ್ನಿಶಾಮಕ 114, ಆಂಬುಲೆನ್ಸ್ 115. ಭಾರತದ ರಾಯಭಾರ ಕಚೇರಿ ಹನೋಯ್‌ನಲ್ಲಿದೆ, ಕಾನ್ಸುಲೇಟ್ ಹೋ ಚಿ ಮಿನ್ ನಗರದಲ್ಲಿದೆ. ನಲ್ಲಿ ನೀರು ಕುಡಿಯಬಾರದು. ಇ-ಸಿಗರೇಟನ್ನು 2025ರಿಂದ ಅಲ್ಲಿ ನಿಷೇಧಿಸಲಾಗಿದೆ, ಚೀಲದಲ್ಲಿಯೂ ಇರಕೂಡದು. ಹೋಟೆಲಿನವರು ನೋಂದಣಿಗಾಗಿ ಪಾಸ್‌ಪೋರ್ಟ್ ಕೇಳುವುದು ಅಲ್ಲಿನ ಕಾನೂನು. ನಕಲು ತೆಗೆದ ಮೇಲೆ ಮೂಲವನ್ನು ಮರಳಿ ಪಡೆದುಕೊಳ್ಳಿ. ಉಳಿದ ಡಾಂಗ್ ನೋಟುಗಳನ್ನು ವಿಮಾನ ಹತ್ತುವ ಮೊದಲೇ ಡಾಲರಿಗೆ ಬದಲಿಸಿ ಅಥವಾ ಕಾಫಿಪುಡಿ, ಒಂದು ಫಿನ್ ಕೊಂಡು ಮುಗಿಸಿ. ಬೆಂಗಳೂರಿಗೆ ಬಂದ ಮೇಲೆ ಅವಕ್ಕೆ ಒಳ್ಳೆಯ ದರ ಸಿಗುವುದು ಕಷ್ಟ.